ಎಕೋದಲ್ಲಿ ಇಎಫ್ 62 ಇದೆ, ಆದ್ರೂ ಅಮ್ಮನಿಗೆ ಏದುಸಿರು ಯಾಕೆ?

ಶಿಡ್ಲಘಟ್ಟ ಹುಡುಗ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 66 ವರ್ಷ. ಬಿಪಿ ತುಂಬಾ ವರ್ಷದಿಂದ ಇದೆ, ಶುಗರ್ ಆಮೇಲೆ ಸೇರಿಕೊಂಡಿತು. ಮೊದಲು ರೇಷ್ಮೆ ರೀಲಿಂಗ್ ಕೆಲಸಕ್ಕೆ ಹೋಗುತ್ತಿದ್ದರು, ಈಗ ಮನೆಯಲ್ಲೇ ಇರುತ್ತಾರೆ. ಈಚೆಗೆ ಬಟ್ಟೆ ಒಣಗಿ ಹಾಕೋಕೆ ಮಹಡಿ ಹತ್ತಿದರೂ ಏದುಸಿರು. ಒಂದೇ ದಿಂಬಿನಲ್ಲಿ ಮಲಗಿದರೆ ಉಸಿರು ಕಟ್ಟುತ್ತದೆ ಅಂತ ರಾತ್ರಿ ಎದ್ದು ಕೂರುತ್ತಾರೆ. ಸಂಜೆ ಹೊತ್ತಿಗೆ ಪಾದ ಊದಿಕೊಳ್ಳುತ್ತದೆ. ಬಿಗಿಯಾಗುತ್ತೆ ಅಂತ ಕಾಲುಂಗುರ ಕೂಡ ತೆಗೆದಿಟ್ಟಿದ್ದಾರೆ.

ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದೆವು. ಇಎಫ್ 62%, ಎಲ್‌ವಿಎಚ್ (ಹೃದಯದ ಗೋಡೆ ದಪ್ಪ) ಇದೆ, ಗ್ರೇಡ್ 2 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್ (ಹೃದಯ ತುಂಬಿಕೊಳ್ಳುವುದರಲ್ಲಿ ತೊಂದರೆ) ಅಂತ ಬರೆದಿದ್ದಾರೆ. ತೋರಿಸಿದ ಕಡೆ "ಪಂಪಿಂಗ್ ಚೆನ್ನಾಗಿದೆ, ಗ್ಯಾಸ್ ಇರಬೇಕು" ಅಂದು ಮಾತ್ರೆ ಕೊಟ್ಟು ಕಳಿಸಿದರು. ಪಂಪಿಂಗ್ ಚೆನ್ನಾಗಿದ್ದರೆ ಈ ಉಸಿರಿನ ಕಥೆ ಏನು? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಬಾಗೇಪಲ್ಲಿ ಬೋರ್‌ವೆಲ್

62 ಅಂದ್ರೆ ಬಾಕಿ 38 ಪರ್ಸೆಂಟ್ ಹಾರ್ಟ್ ಕೆಲಸ ಮಾಡ್ತಿಲ್ಲ ಅಂತಾನಾ? ನಮ್ಮ ಮಾವಂಗೂ 60 ಅಂತ ಬಂದಿತ್ತು. ಮನೆಯವರೆಲ್ಲ ಹೆದರಿಬಿಟ್ಟಿದ್ರು.

ಎಕೋ ಅಕ್ಕ

ಅಲ್ಲ ಅಣ್ಣ. ನೂರಕ್ಕೆ ನೂರು ಯಾರಿಗೂ ಬರುವುದಿಲ್ಲ. ನಾನು ಎಕೋ ಮಾಡುವ ಟೆಕ್ನಿಷಿಯನ್. ಈ ಪ್ರಶ್ನೆ ದಿನಾ ಬರುತ್ತದೆ.

ಹೃದಯದ ಎಡಗಡೆ ಕೆಳಕೋಣೆ ಪೂರ್ತಿ ತುಂಬಿಕೊಂಡಾಗ ಸುಮಾರು 120 ಮಿ.ಲೀ. ರಕ್ತ ಹಿಡಿಯುತ್ತದೆ ಅಂದುಕೊಳ್ಳಿ. ಒಂದು ಸಲ ಹಿಂಡಿದಾಗ 70 ಮಿ.ಲೀ. ಆಚೆ ಹೋಗುತ್ತದೆ, 50 ಒಳಗೇ ಉಳಿಯುತ್ತದೆ. 120ರಲ್ಲಿ 70 ಅಂದರೆ ಸುಮಾರು 58%. ಅದೇ ಇಎಫ್. 55ರಿಂದ 70ರ ಒಳಗಿದ್ದರೆ ಸಾಮಾನ್ಯ.

ಈಗ ಇನ್ನೊಂದು ಲೆಕ್ಕ ನೋಡಿ. ಬಿಪಿಯಿಂದ ಗೋಡೆ ದಪ್ಪ ಆಗಿದೆ, ಒಳಗಿನ ಜಾಗ ಕಮ್ಮಿ ಆಗಿದೆ. ತುಂಬಿಕೊಳ್ಳುವುದೇ 80 ಮಿ.ಲೀ. ಅದರಲ್ಲಿ 50 ಆಚೆ ಹಾಕಿತು. ಇಎಫ್ ಎಷ್ಟಾಯಿತು? 62.5%! ರಿಪೋರ್ಟಿನಲ್ಲಿ ಮೊದಲಿನವರಿಗಿಂತ ಇವರದೇ ಚೆನ್ನಾಗಿ ಕಾಣುತ್ತದೆ. ಆದರೆ ನಿಮಿಷಕ್ಕೆ 72 ಬಡಿತ ಅಂತಿಟ್ಟರೆ ಮೊದಲಿನ ಹೃದಯ 5 ಲೀಟರ್ ಕಳಿಸುತ್ತದೆ, ಇದು 3.6 ಲೀಟರ್. ಇಎಫ್ ಹೇಳುವುದು ತುಂಬಿದ್ದರಲ್ಲಿ ಎಷ್ಟು ಪಾಲು ಹೋಯಿತು ಅಂತ ಅಷ್ಟೇ. ಎಷ್ಟು ತುಂಬಿತು, ತುಂಬಿಸೋಕೆ ಎಷ್ಟು ಒತ್ತಡ ಬೇಕಾಯಿತು, ಅದನ್ನು ಹೇಳುವುದಿಲ್ಲ.

ಇದು ಅರ್ಥ ಆಗಲಿ ಅಂತ ಹಾಕಿದ ಲೆಕ್ಕ. ನಿಮ್ಮ ತಾಯಿಯ ಅಳತೆಗಳು ರಿಪೋರ್ಟಿನಲ್ಲೇ ಇರುತ್ತವೆ. ಇ/ಎ ಮತ್ತು ಇ/ಇ' ಅಂತ ಏನಾದರೂ ಬರೆದಿದ್ದಾರಾ ನೋಡಿ ಹೇಳಿ.

ಬಾಗೇಪಲ್ಲಿ ಬೋರ್‌ವೆಲ್

ಓಹೋ, ಈಗ ಗೊತ್ತಾಯಿತು. ಮೋಟಾರು ಎಷ್ಟು ಹೆಚ್‌ಪಿ ಇದ್ದರೇನು, ಬೋರಲ್ಲಿ ನೀರಿಲ್ಲದಿದ್ದರೆ ಮೇಲೆ ಬರೋದೇನು? ನಮ್ಮ ಕಡೆ ಸಾವಿರ ಅಡಿ ಕೊರೆಸಿದರೂ ಇದೇ ಗೋಳು.

ಎಕೋ ಅಕ್ಕ

ಅರ್ಧ ಸರಿ. ನೀರಿಲ್ಲದ ಬೋರ್ ಅಂದರೆ ವಾಂತಿ ಭೇದಿ ಆದವರು, ರಕ್ತ ಹೋದವರು. ಅವರಲ್ಲಿ ವಾಪಸ್ ಬರುವ ರಕ್ತವೇ ಕಮ್ಮಿ. ಈ ತಾಯಿಯ ಕೇಸು ಉಲ್ಟಾ. ರಕ್ತ ಬೇಕಾದಷ್ಟು ಬಾಗಿಲಲ್ಲೇ ನಿಂತಿದೆ. ಒಳಗಿನ ಕೋಣೆ ಸಲೀಸಾಗಿ ಹಿಗ್ಗುತ್ತಿಲ್ಲ. ಹಾಗಾಗಿ ರಕ್ತ ಹಿಂದಕ್ಕೆ ಒತ್ತುತ್ತದೆ. ಎಡ ಕೋಣೆಯ ಹಿಂದೆ ಇರುವುದು ಶ್ವಾಸಕೋಶ. ಏದುಸಿರು ಬರುವುದು ಅಲ್ಲಿಂದ.

ನಿವೃತ್ತ ಮೇಷ್ಟ್ರು

ಅಕ್ಕನವರು ಚೆನ್ನಾಗಿ ಹೇಳಿದ್ದಾರೆ. ನಾನು ಶರೀರಕ್ರಿಯಾ ವಿಜ್ಞಾನ ಪಾಠ ಮಾಡಿದವನು, ಸ್ವಲ್ಪ ಒತ್ತಡದ ಕಡೆ ಬರೋಣ. ಉದ್ದ ಆದರೆ ಕ್ಷಮಿಸಿ, ಹಳೇ ಚಟ.

ಎಲ್ಲರಿಗೂ ಗೊತ್ತಿರುವುದು 120/80. ಅದು ಕಳಿಸುವ ಕಡೆಯ ಒತ್ತಡ. ತುಂಬುವ ಕಡೆಯ ಒತ್ತಡ ಎಷ್ಟು ಗೊತ್ತಾ? ಆರೋಗ್ಯವಾಗಿರುವ ಎಡ ಕೆಳಕೋಣೆ ತುಂಬಿ ಮುಗಿದಾಗ ಒಳಗಿರುವ ಒತ್ತಡ 12 ಮಿ.ಮೀ. ಪಾದರಸ ದಾಟುವುದಿಲ್ಲ. 10 ಮಿ.ಮೀ. ಪಾದರಸ ಅಂದರೆ 13.6 ಸೆಂ.ಮೀ. ನೀರಿನ ಎತ್ತರ. ಒಂದು ಗೇಣು ಕೂಡ ಇಲ್ಲ! ಅಷ್ಟು ಕಮ್ಮಿ ಒತ್ತಡದಲ್ಲಿ, ಅರ್ಧ ಸೆಕೆಂಡಿನೊಳಗೆ, ಆ ಕೋಣೆ ತುಂಬಬೇಕು. ಗೋಡೆ ಮೆತ್ತಗೆ ಹಿಗ್ಗಿದರೆ ಮಾತ್ರ ಸಾಧ್ಯ.

ಹಿಗ್ಗುವುದರಲ್ಲಿ ಎರಡು ಸಂಗತಿ ಇವೆ. ಜನ ಇವೆರಡನ್ನೂ ಕಲಸಿಬಿಡುತ್ತಾರೆ.

ಒಂದು, ಸ್ನಾಯು ಸಡಿಲ ಆಗುವುದು. ಹಿಂಡುವುದು ಕೆಲಸ, ಬಿಡುವುದು ವಿಶ್ರಾಂತಿ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಹಿಂಡುವಾಗ ಜೀವಕೋಶದೊಳಗೆ ಹರಡಿದ ಕ್ಯಾಲ್ಸಿಯಂ ಅನ್ನು ವಾಪಸ್ ಅದರ ಉಗ್ರಾಣಕ್ಕೆ ಎತ್ತಿ ಹಾಕಬೇಕು. ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಹೃದಯಕ್ಕೇ ರಕ್ತ ಸಾಲದೆ ಬಂದರೆ ಹಿಂಡುವುದಕ್ಕಿಂತ ಮೊದಲು ಕೆಡುವುದು ಈ ಸಡಿಲ ಆಗುವ ಕೆಲಸ.

ಎರಡು, ಗೋಡೆಯ ಗುಣ. ಸ್ನಾಯುವಿನೊಳಗೆ ಟೈಟಿನ್ ಅನ್ನುವ ದೊಡ್ಡ ಪ್ರೋಟೀನ್ ಇದೆ. ಹಿಂಡಿದಾಗ ಅದುಮಿಕೊಂಡು, ಬಿಟ್ಟ ತಕ್ಷಣ ತನ್ನ ಉದ್ದಕ್ಕೆ ಮರಳುತ್ತದೆ. ಆ ಮರಳುವ ಜೋರಿಗೆ ಕೋಣೆ ರಕ್ತವನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಇನ್ನು ಸ್ನಾಯುಗಳ ನಡುವೆ ಕೊಲ್ಯಾಜನ್ ನಾರು ಇರುತ್ತದೆ. ವಯಸ್ಸು, ಬಿಪಿ, ಶುಗರ್ ಸೇರಿದರೆ ಆ ನಾರು ಜಾಸ್ತಿಯಾಗಿ ಗೋಡೆ ಬಿರುಸಾಗುತ್ತದೆ.

ಗೋಡೆ ದಪ್ಪ ಆಗುವುದಕ್ಕೂ ಕಾರಣ ಇದೆ. ಗೋಡೆಯ ಮೇಲಿನ ಎಳೆತ ಒತ್ತಡಕ್ಕೂ ಕೋಣೆಯ ಅಗಲಕ್ಕೂ ತಕ್ಕಂತೆ ಏರುತ್ತದೆ, ಗೋಡೆಯ ದಪ್ಪಕ್ಕೆ ತಕ್ಕಂತೆ ಇಳಿಯುತ್ತದೆ. ಲಾಪ್ಲಾಸ್ ನಿಯಮ ಅಂತ ಓದಿರುತ್ತೀರಿ. ಬಿಪಿ ವರ್ಷಗಟ್ಟಲೆ ಮೇಲಿದ್ದರೆ ಹೃದಯ ಗೋಡೆ ದಪ್ಪ ಮಾಡಿಕೊಂಡು ಎಳೆತ ತಗ್ಗಿಸಿಕೊಳ್ಳುತ್ತದೆ. ಹಿಂಡುವುದಕ್ಕೆ ಅದು ಅನುಕೂಲ. ತುಂಬುವಾಗ ಅದೇ ಅಡ್ಡ ಬರುತ್ತದೆ.

ನಂದಿ ರನ್ನರ್

ಸಾರ್, ಹಿಗ್ಗಿದಷ್ಟೂ ಹೃದಯ ಜೋರಾಗಿ ಹಿಂಡುತ್ತೆ ಅಂತ ಕಾಲೇಜಲ್ಲಿ ಓದಿದ ನೆನಪು. ಹಾಗಾದರೆ ಜಾಸ್ತಿ ರಕ್ತ ಬಂದರೆ ಒಳ್ಳೇದೇ ಅಲ್ವಾ?

ನಿವೃತ್ತ ಮೇಷ್ಟ್ರು

ಹೌದಪ್ಪ, ಫ್ರಾಂಕ್-ಸ್ಟಾರ್ಲಿಂಗ್ ನಿಯಮ. ಒಟ್ಟೊ ಫ್ರಾಂಕ್ 1895ರಲ್ಲಿ ಕಪ್ಪೆ ಹೃದಯದಲ್ಲಿ ತೋರಿಸಿದ. ಆಮೇಲೆ ಲಂಡನ್ನಿನಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗ್ ಮತ್ತು ಜೊತೆಗಾರರು ನಾಯಿಯ ಹೃದಯದಲ್ಲಿ ಅದನ್ನೇ ವಿಸ್ತರಿಸಿದರು. ಬಲಗಡೆ ಕೋಣೆ ಒಂದು ಬಡಿತಕ್ಕೆ ಒಂದು ಹನಿ ಜಾಸ್ತಿ ಕಳಿಸಿದರೂ ಎಡಗಡೆ ಅದಕ್ಕೆ ತಕ್ಕಂತೆ ಹಿಗ್ಗಿ ಅಷ್ಟನ್ನೂ ಮುಂದಕ್ಕೆ ದಾಟಿಸುತ್ತದೆ. ನರಗಳ ಅಪ್ಪಣೆ ಬೇಕಿಲ್ಲ. ಈ ಹೊಂದಾಣಿಕೆ ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಶ್ವಾಸಕೋಶದಲ್ಲಿ ರಕ್ತ ತುಂಬಿಕೊಳ್ಳುತ್ತಿತ್ತು.

ಆದರೆ ಆ ನಿಯಮ ಹೇಳುವುದು ಸ್ನಾಯು ಎಷ್ಟು ಉದ್ದ ಹಿಗ್ಗಿತು ಅನ್ನುವುದರ ಮೇಲೆ. ಗೋಡೆ ಬಿರುಸಾಗಿದ್ದರೆ ಒತ್ತಡ ಮಾತ್ರ ಏರುತ್ತದೆ, ಹಿಗ್ಗುವುದು ಅಷ್ಟಕ್ಕಷ್ಟೆ. ಹೃದಯ ಸಡಿಲವಾಗಿದ್ದರೆ 20 ಮಿ.ಲೀ. ಜಾಸ್ತಿ ಬಂದರೂ ಒತ್ತಡ ಅಲ್ಪಸ್ವಲ್ಪ ಏರುತ್ತದೆ. ಬಿರುಸು ಹೃದಯಕ್ಕೆ ಅದೇ 20 ಮಿ.ಲೀ. ಬಂದರೆ ಒತ್ತಡ ಜಿಗಿಯುತ್ತದೆ. ಅದು 18-20 ದಾಟಿತು ಅಂದರೆ ಶ್ವಾಸಕೋಶದ ಸಣ್ಣ ರಕ್ತನಾಳಗಳಿಂದ ನೀರಿನಂಶ ಜಿನುಗಲು ಶುರು.

ಮಲಗಿದರೆ ಉಸಿರು ಕಟ್ಟುವುದಕ್ಕೂ ಇದೇ ಉತ್ತರ. ನಿಂತಾಗ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಕಾಲಿನ ಕಡೆ ಇಳಿದಿರುತ್ತದೆ. ಮಲಗಿದ ಕೂಡಲೇ ಅದು ಎದೆ ಕಡೆ ಬರುತ್ತದೆ. ಲೆಕ್ಕವೇ ಒಂದು ಗೇಣು ನೀರಿನದ್ದು ಆದಾಗ, ಇನ್ನೊಂದು ದಿಂಬು ಏರಿಸಿದರೂ ವ್ಯತ್ಯಾಸ ಆಗದೆ ಇರುತ್ತದಾ?

ಕಷಾಯ ಕಾಕಾ

ಇಷ್ಟೆಲ್ಲ ಯಾಕೆ? ಬೆಳ್ಳುಳ್ಳಿ, ಶುಂಠಿ, ನಿಂಬೆ ರಸ, ಜೇನು ಕುದಿಸಿ ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡಿಸಿ. ನಾಳದಲ್ಲಿರೋ ಕೊಬ್ಬೆಲ್ಲ ಕರಗುತ್ತೆ.

ಚಿಂತಾಮಣಿ ಸಿಸ್ಟರ್

ಕಾಕಾ, ಇಲ್ಲಿ ತೊಂದರೆ ಇರುವುದು ಕೊಬ್ಬಿನದ್ದಲ್ಲ, ಗೋಡೆಯದ್ದು. ಬಿರುಸಾದ ಗೋಡೆಯನ್ನು ಬೆಳ್ಳುಳ್ಳಿ ಮೆತ್ತಗೆ ಮಾಡುವುದಿಲ್ಲ. ಸಾರಿಗೆ ಹಾಕಿ, ರುಚಿಗೆ ಚೆನ್ನಾಗಿರುತ್ತದೆ.

ಶಿಡ್ಲಘಟ್ಟದ ತಮ್ಮ, ಒಂದು ಕೆಲಸ ಮಾಡಿ. ಸಂಜೆ ಅಮ್ಮನ ಮೊಣಕಾಲ ಕೆಳಗೆ, ಮುಂಭಾಗದ ಮೂಳೆ ಮೇಲೆ ಹೆಬ್ಬೆರಳು ಇಟ್ಟು ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿಯಿರಿ. ತೆಗೆದ ಮೇಲೆ ಗುಳಿ ಉಳಿಯುತ್ತದಾ, ಎಷ್ಟು ಹೊತ್ತಿಗೆ ಮುಚ್ಚಿಕೊಳ್ಳುತ್ತದೆ ನೋಡಿ. ಬರೀ ಪಾದದಲ್ಲಿ ಮಾತ್ರವಾ, ಮೊಣಕಾಲವರೆಗೂ ಹತ್ತಿದೆಯಾ ಅದೂ ನೋಡಿ. ಬಿಪಿಗೆ ಅಮ್ಲೋಡಿಪಿನ್ ನುಂಗುತ್ತಿದ್ದರೆ ಅದರಿಂದಲೂ ಪಾದ ಊದಬಹುದು, ಹಾಗಾಗಿ ಮಾತ್ರೆ ಚೀಟಿ ಡಾಕ್ಟರಿಗೆ ತೋರಿಸಿ. ನೀವಾಗೇ ನಿಲ್ಲಿಸಬೇಡಿ.

ಮತ್ತೆ ರಾತ್ರಿ ಎದ್ದು ಕೂರುವುದನ್ನು ಗ್ಯಾಸ್ ಅಂತ ತಳ್ಳಿಹಾಕುವುದು ನನಗಂತೂ ಒಪ್ಪಿಗೆ ಇಲ್ಲ. ಹೃದಯದ ಡಾಕ್ಟರಿಗೇ ತೋರಿಸಿ. ಕೂತಲ್ಲೇ ಉಸಿರು ಸಿಗುತ್ತಿಲ್ಲ, ನೊರೆ ಕಫ ಬರುತ್ತಿದೆ, ತುಟಿ ನೀಲಿ ಆಗುತ್ತಿದೆ ಅಂದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಶಿಡ್ಲಘಟ್ಟ ಹುಡುಗ

ಒತ್ತಿ ನೋಡಿದೆ ಅಕ್ಕ, ಗುಳಿ ಬೀಳುತ್ತದೆ. ಮೊಣಕಾಲಿಗಿಂತ ಸ್ವಲ್ಪ ಕೆಳಗಿನವರೆಗೂ ಇದೆ. ಅಮ್ಲೋಡಿಪಿನ್ ಇಲ್ಲ, ಟೆಲ್ಮಿಸಾರ್ಟನ್ ಇದೆ.

ಇನ್ನೊಂದು ವಿಷಯ. ಮಧ್ಯದಲ್ಲಿ ಯಾರೋ ಹೇಳಿದರು ಅಂತ ಮೆಡಿಕಲ್ ಶಾಪಿನಿಂದ ನೀರಿನ ಮಾತ್ರೆ (ಮೂತ್ರ ಜಾಸ್ತಿ ಮಾಡಿಸುವುದು) ತಂದು ದಿನಾ ಎರಡು ನುಂಗಿದ್ದರು. ಊತ ಇಳಿಯಿತು. ಆದರೆ ಬಚ್ಚಲಿಂದ ಎದ್ದು ಬರುವಾಗ ತಲೆ ಸುತ್ತಿ ಬೀಳುವ ಹಾಗಾಯಿತು. ನಿಲ್ಲಿಸಿದರೆ ಮತ್ತೆ ಉಸಿರು. ಇದೇನು ಹಗ್ಗದ ಮೇಲಿನ ನಡಿಗೆ?

ರಿಪೋರ್ಟಿನಲ್ಲಿ ಇ/ಎ 1.3, ಇ/ಇ' 17 ಅಂತ ಇದೆ.

ಎಕೋ ಅಕ್ಕ

17 ಅಂದರೆ ತುಂಬುವ ಒತ್ತಡ ಜಾಸ್ತಿ ಇದೆ ಅನ್ನುವುದಕ್ಕೆ ಒಂದು ಸೂಚನೆ. ಸರಾಸರಿ 14 ದಾಟಿದರೆ ನಾವು ಗಮನ ಕೊಡುತ್ತೇವೆ. ಅದೊಂದನ್ನೇ ನೋಡಿ ತೀರ್ಮಾನ ಮಾಡುವುದಿಲ್ಲ. ಎಡಗಡೆ ಮೇಲ್ಕೋಣೆ ದೊಡ್ಡದಾಗಿದೆಯಾ, ಬಲಗಡೆ ಒತ್ತಡ ಹೇಗಿದೆ, ಎಲ್ಲ ಸೇರಿಸಿ ನೋಡಬೇಕು.

ಇದು ಎಲ್ಲಿಂದ ಬರುತ್ತದೆ ಹೇಳುತ್ತೇನೆ. ಎಡಮಗ್ಗುಲಿಗೆ ಮಲಗಿಸಿ, ಜೆಲ್ ಹಚ್ಚಿ, ಪ್ರೋಬನ್ನು ಎದೆಯ ಎಡಗಡೆ ಹೃದಯದ ತುದಿ ಬಡಿಯುವ ಜಾಗಕ್ಕೆ ಇಡುತ್ತೇವೆ. ಎಡಗಡೆ ಮೇಲ್ಕೋಣೆ, ಕೆಳಕೋಣೆ ನಡುವಿನ ಮೈಟ್ರಲ್ ಕವಾಟದ ಬಾಯಲ್ಲಿ ರಕ್ತದ ವೇಗ ಅಳೆದರೆ ಸ್ಕ್ರೀನ್ ಮೇಲೆ ಒಂದೊಂದು ಬಡಿತಕ್ಕೂ ಎರಡೆರಡು ಗುಡ್ಡ ಮೂಡುತ್ತವೆ. ಮೊದಲನೆಯದು ಇ. ಕೋಣೆ ಸಡಿಲವಾದ ಕೂಡಲೇ ರಕ್ತ ನುಗ್ಗುವುದು. ಎರಡನೆಯದು ಎ. ಕೊನೆಯಲ್ಲಿ ಮೇಲ್ಕೋಣೆ ಹಿಂಡಿ ಉಳಿದದ್ದನ್ನು ತಳ್ಳುವುದು. ಚಿಕ್ಕ ವಯಸ್ಸಿನವರಿಗೆ ಇ ಎತ್ತರ, ಎ ಗಿಡ್ಡ. ಸಡಿಲ ಆಗುವುದು ನಿಧಾನ ಆದರೆ ಇ ಕುಗ್ಗಿ ಎ ಎತ್ತರ ಆಗುತ್ತದೆ. ಅದು ಗ್ರೇಡ್ 1. ವಯಸ್ಸಾದವರಲ್ಲಿ ಬಹಳ ಕಾಣುತ್ತೇವೆ, ಅದೊಂದನ್ನೇ ನೋಡಿ ಗಾಬರಿ ಆಗಬೇಕಿಲ್ಲ.

ಗ್ರೇಡ್ 2 ಮೋಸಗಾರ. ಹಿಂದಿನ ಒತ್ತಡ ಏರಿ ಏರಿ ರಕ್ತವನ್ನು ಬಲವಂತವಾಗಿ ಒಳಗೆ ತಳ್ಳುತ್ತದೆ. ಇ ಮತ್ತೆ ಎತ್ತರ ಆಗುತ್ತದೆ, ನೋಡಲು ನಾರ್ಮಲ್ ಥರಾನೇ. 1.3 ಅಂತ ಬಂದಿದೆ ಅಲ್ವಾ, ಅದೊಂದೇ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಹಾಗಾಗಿಯೇ ಗೋಡೆಯ ಚಲನೆಯ ವೇಗವನ್ನೂ ಬೇರೆಯಾಗಿ ಅಳೆಯುತ್ತೇವೆ, ಅದೇ ಇ'. ರಕ್ತ ಜೋರಾಗಿ ನುಗ್ಗುತ್ತಿದೆ, ಗೋಡೆ ಮಾತ್ರ ನಿಧಾನಕ್ಕೆ ಸರಿಯುತ್ತಿದೆ ಅಂದರೆ ತಳ್ಳುತ್ತಿರುವುದು ಹಿಂದಿನ ಒತ್ತಡ.

ಚಿಂತಾಮಣಿ ಸಿಸ್ಟರ್

ನೀರಿನ ಮಾತ್ರೆ ಬಗ್ಗೆ ನಾನು ಹೇಳುತ್ತೇನೆ. ಬಿರುಸು ಹೃದಯಕ್ಕೆ ಸಹಿಸುವ ಅಂತರ ಬಹಳ ಕಿರಿದು. ಮೈಯಲ್ಲಿ ನೀರು ಸ್ವಲ್ಪ ಜಾಸ್ತಿ ಆದರೆ ಒತ್ತಡ ಜಿಗಿದು ಶ್ವಾಸಕೋಶ ಒದ್ದೆ. ಜಾಸ್ತಿ ಇಳಿಸಿಬಿಟ್ಟರೆ ಕೋಣೆಯೇ ತುಂಬುವುದಿಲ್ಲ, ಆಚೆ ಹೋಗುವ ರಕ್ತ ಕಮ್ಮಿ, ಎದ್ದು ನಿಂತರೆ ತಲೆಸುತ್ತು. ಅಮ್ಮನಿಗೆ ಎರಡೂ ಆಗಿದೆ. ಹಾಗಾಗಿ ಡೋಸ್ ಡಾಕ್ಟರೇ ಹೇಳಬೇಕು. ಜೊತೆಗೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ರಕ್ತ ಪರೀಕ್ಷೆ ಬೇಕು.

ಮನೆಯಲ್ಲಿ ನೀವು ಮಾಡಬಹುದಾದ್ದು ತೂಕ. ಬೆಳಗ್ಗೆ ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು, ಅದೇ ಮಿಷಿನ್ ಮೇಲೆ. ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಅದು ಮುದ್ದೆಯಿಂದ ಬಂದ ತೂಕ ಅಲ್ಲ, ನೀರು. ಡಾಕ್ಟರಿಗೆ ಫೋನ್ ಮಾಡಿ. ಉಪ್ಪು ಇಡೀ ದಿನಕ್ಕೆ 5 ಗ್ರಾಂ ಒಳಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಹೇಳುತ್ತದೆ, ಅಂದರೆ ಒಂದು ಟೀ ಚಮಚಕ್ಕಿಂತ ಕಮ್ಮಿ. ನಮ್ಮ ಕಡೆ ಮಾವಿನಕಾಯಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಇದ್ದರೆ ಆ ಲೆಕ್ಕ ಮಧ್ಯಾಹ್ನದ ಊಟಕ್ಕೇ ಮುಗಿಯುತ್ತದೆ.

ನಂದಿ ರನ್ನರ್

ಮಲಗಿ ಎಕೋ ಮಾಡುವಾಗ ಸುಮಾರಾಗಿ ಇದ್ದವರಿಗೂ ಮೆಟ್ಟಿಲು ಹತ್ತುವಾಗ ಮಾತ್ರ ಯಾಕೆ ಕಷ್ಟ? ನಾನು ನಂದಿ ಬೆಟ್ಟದ ಮೆಟ್ಟಿಲು ಹತ್ತುವಾಗ ಪಲ್ಸ್ 150 ದಾಟುತ್ತೆ, ಏನೂ ಆಗಲ್ಲ.

ನಿವೃತ್ತ ಮೇಷ್ಟ್ರು

ಸಮಯದ ಅಭಾವ. ನಿಮಿಷಕ್ಕೆ 75 ಬಡಿದರೆ ಒಂದು ಬಡಿತಕ್ಕೆ 0.8 ಸೆಕೆಂಡ್ ಸಿಗುತ್ತದೆ. ಹಿಂಡಲು ಸುಮಾರು 0.3, ತುಂಬಲು 0.5. ಬಡಿತ 150 ಆದರೆ ಇಡೀ ಬಡಿತಕ್ಕೇ 0.4 ಸೆಕೆಂಡ್. ಹಿಂಡುವ ಹೊತ್ತು ಸ್ವಲ್ಪ ಮಾತ್ರ ಕುಗ್ಗುತ್ತದೆ, ಕತ್ತರಿ ಬೀಳುವುದು ತುಂಬುವ ಹೊತ್ತಿಗೆ. ನಿನ್ನ ಹೃದಯ ಬೇಗ ಸಡಿಲ ಆಗಿ ಜೋರಾಗಿ ಎಳೆದುಕೊಳ್ಳುತ್ತದೆ, ಸಾಲುತ್ತದೆ. ನಿಧಾನಕ್ಕೆ ಸಡಿಲ ಆಗುವ ಹೃದಯಕ್ಕೆ ಅಷ್ಟರಲ್ಲಿ ಮುಂದಿನ ಬಡಿತ ಬಂದುಬಿಡುತ್ತದೆ. ಹೃದಯದ ಗೋಡೆಗೆ ರಕ್ತ ಸಿಗುವುದೂ ಬಹುಪಾಲು ಆ ಬಿಡುವಿನಲ್ಲೇ.

ಇನ್ನೊಂದು. ಕೊನೆಯಲ್ಲಿ ಮೇಲ್ಕೋಣೆ ತಳ್ಳುವ ಪಾಲು ಸಾಮಾನ್ಯವಾಗಿ 20-30%. ಬಿರುಸು ಹೃದಯ ಅದನ್ನೇ ಜಾಸ್ತಿ ನೆಚ್ಚಿಕೊಂಡಿರುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಅಂತ ಬಡಿತ ಅಡ್ಡಾದಿಡ್ಡಿ ಆದರೆ ಆ ತಳ್ಳು ಪೂರ್ತಿ ನಿಂತುಹೋಗುತ್ತದೆ. ನಿನ್ನೆವರೆಗೂ ಓಡಾಡಿಕೊಂಡಿದ್ದವರು ಇದ್ದಕ್ಕಿದ್ದಂತೆ ಸುಸ್ತು ಅಂದರೆ ಇಸಿಜಿ ತೆಗೆಸಬೇಕು.

ಗೌರಿಬಿದನೂರು ಗಿರಿ

ನಮ್ಮ ದೊಡ್ಡಪ್ಪಂಗೆ ಹೃದಯದ ಸುತ್ತ ನೀರು ತುಂಬಿತ್ತು, ಟಿಬಿ ಅಂದರು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಸೂಜಿ ಹಾಕಿ ತೆಗೆಸಿದೆವು. ಒಂದು ಲೀಟರ್ ಹತ್ತಿರ ಇತ್ತು. ಪಕ್ಕದ ಬೆಡ್ಡಿನ ಆಕ್ಸಿಡೆಂಟ್ ಹುಡುಗನಿಗೆ ಇನ್ನೂರು ಮಿ.ಲೀ.ಗೇ ಪ್ರಾಣಾಪಾಯ ಅಂತ ಓಡಾಡುತ್ತಿದ್ದರು. ಅದು ಹೇಗೆ?

ನಿವೃತ್ತ ಮೇಷ್ಟ್ರು

ಹೃದಯದ ಸುತ್ತ ಪೆರಿಕಾರ್ಡಿಯಂ ಅನ್ನುವ ಗಟ್ಟಿ ಪೊರೆ ಇದೆ. ತಟಕ್ಕನೆ ಹಿಗ್ಗುವುದು ಅದಕ್ಕೆ ಗೊತ್ತಿಲ್ಲ. ವಾರಗಟ್ಟಲೆ ನಿಧಾನಕ್ಕೆ ನೀರು ಸೇರಿದರೆ ಬೆಳೆದು ಜಾಗ ಮಾಡಿಕೊಡುತ್ತದೆ. ಒಮ್ಮೆಲೇ ರಕ್ತ ಸೋರಿದರೆ ಜಾಗ ಇಲ್ಲ, ಹೊರಗಿನಿಂದಲೇ ಹೃದಯವನ್ನು ಅದುಮುತ್ತದೆ. ಕೋಣೆ ತುಂಬುವುದು ಒಳಗಿನ ಒತ್ತಡ ಹೊರಗಿನದಕ್ಕಿಂತ ಎಷ್ಟು ಜಾಸ್ತಿ ಇದೆ ಅನ್ನುವುದರ ಮೇಲೆ. ಎರಡೂ ಸಮ ಆದರೆ ಹೃದಯ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ತುಂಬುವುದಿಲ್ಲ. ದೊಡ್ಡಪ್ಪನ ಟಿಬಿ ಮಾತ್ರೆ ಕೋರ್ಸ್ ಮುಗಿಸಿ, ಮಧ್ಯ ಬಿಡಬೇಡಿ. ಆಮೇಲೆ ಆ ಪೊರೆಯೇ ಗಟ್ಟಿಯಾಗಿ ಕೂತರೆ ಬೇರೆ ರಗಳೆ.

ಶಿಡ್ಲಘಟ್ಟ ಹುಡುಗ

ಅಪ್‌ಡೇಟ್. ಹೃದಯದ ಡಾಕ್ಟರಿಗೆ ತೋರಿಸಿದೆವು. ಇಸಿಜಿಯಲ್ಲಿ ಬಡಿತ ಸರಿಯಿದೆ. ಎಕೋ ಅಕ್ಕ ಹೇಳಿದ್ದನ್ನೇ ಹೇಳಿದರು, ಇಎಫ್ ಸರಿಯಿದ್ದೇ ಬರುವ ಹಾರ್ಟ್ ಫೇಲ್ಯೂರ್ ಅಂತ. ಹೆಸರು ಕೇಳಿ ಅಮ್ಮ ಅತ್ತುಬಿಟ್ಟರು. ಹಾರ್ಟ್ ನಿಂತುಹೋಗುತ್ತೆ ಅಂತ ಅಲ್ಲಮ್ಮ, ಕೆಲಸ ಸಾಲುತ್ತಿಲ್ಲ ಅಷ್ಟೇ ಅಂತ ಡಾಕ್ಟರೇ ಸಮಾಧಾನ ಮಾಡಿದರು. ನೀರಿನ ಮಾತ್ರೆ ದಿನಕ್ಕೆ ಒಂದು. ಜೊತೆಗೆ ಡಾಪಾಗ್ಲಿಫ್ಲೋಜಿನ್ ಕೊಟ್ಟಿದ್ದಾರೆ. ಅದು ಶುಗರ್ ಮಾತ್ರೆ ಅಲ್ವಾ?

ಚಿಂತಾಮಣಿ ಸಿಸ್ಟರ್

ಶುಗರಿಗೆ ಅಂತಲೇ ಬಂದದ್ದು. ಆಮೇಲೆ ಇದೇ ಗುಂಪಿನ ಎಂಪಾಗ್ಲಿಫ್ಲೋಜಿನ್ ಬಗ್ಗೆ 2021ರಲ್ಲಿ, ಡಾಪಾಗ್ಲಿಫ್ಲೋಜಿನ್ ಬಗ್ಗೆ 2022ರಲ್ಲಿ ದೊಡ್ಡ ಪರೀಕ್ಷೆಗಳ ಫಲಿತಾಂಶ ಬಂತು. ಇಎಫ್ 40 ಮೇಲಿದ್ದವರಲ್ಲೂ ಹಾರ್ಟ್ ಫೇಲ್ಯೂರ್‌ಗೆ ಆಸ್ಪತ್ರೆ ಸೇರುವುದು ಕಮ್ಮಿ ಆಯಿತು. ಶುಗರ್ ಇಲ್ಲದವರಿಗೂ ಕೊಡುತ್ತಾರೆ. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಆ ಜಾಗದಲ್ಲಿ ಫಂಗಸ್ ತುರಿಕೆ ಬರಬಹುದು. ಅಮ್ಮ ನಾಚಿಕೆಯಿಂದ ಹೇಳದೆ ಇರುತ್ತಾರೆ, ಮನೆಯ ಹೆಣ್ಣುಮಕ್ಕಳ ಕೈಲಿ ಕೇಳಿಸಿ. ವಾಂತಿ ಭೇದಿ ಆದ ದಿನ, ಉಪವಾಸದ ದಿನ ಏನು ಮಾಡಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಬಾಗೇಪಲ್ಲಿ ಬೋರ್‌ವೆಲ್

ಇದೆಲ್ಲ ಓದಿ ನಾನೂ ಬಿಪಿ ನೋಡಿಸಿಕೊಂಡೆ. ನಂದು 132/84. ಅಪ್ಪಂದು 164/70. ಕೆಳಗಿನ ನಂಬರ್ ಕಮ್ಮಿ ಇದೆ, ಹಾಗಾಗಿ ಪರವಾಗಿಲ್ಲ ಅಂತಾರೆ ಅಪ್ಪ. ಸರೀನಾ?

ಎಕೋ ಅಕ್ಕ

ಸರಿಯಿಲ್ಲ ಅಣ್ಣ. ಹೃದಯದಿಂದ ಹೊರಡುವ ಮಹಾಪಧಮನಿಗೂ ಹಿಗ್ಗುವ ಗುಣ ಇರಬೇಕು. ಹೃದಯ ಹಿಂಡಿದಾಗ ಅದು ಹಿಗ್ಗಿ ಸ್ವಲ್ಪ ರಕ್ತವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೃದಯ ತುಂಬಿಕೊಳ್ಳುತ್ತಿರುವಾಗ ಕುಗ್ಗಿ ಅದನ್ನು ಮುಂದಕ್ಕೆ ಕಳಿಸುತ್ತದೆ. ಅದು ಬಿರುಸಾದರೆ ಹಿಂಡಿದ ಜೋರು ಪೂರ್ತಿ ಮೇಲಿನ ನಂಬರಿಗೆ ಬರುತ್ತದೆ. ಹಿಡಿದಿಟ್ಟದ್ದು ಕಮ್ಮಿ ಇರುವುದರಿಂದ ಕೆಳಗಿನ ನಂಬರ್ ಇಳಿಯುತ್ತದೆ. ನಡುವಿನ ಅಂತರ 94 ಇದೆ, ಸಾಮಾನ್ಯವಾಗಿ 40ರ ಆಸುಪಾಸು. ಅಂದರೆ ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ಒತ್ತಡದ ಎದುರು ಹಿಂಡಬೇಕು. ವರ್ಷಗಟ್ಟಲೆ ಹೀಗೇ ಆದರೆ ಗೋಡೆ ದಪ್ಪ, ಆಮೇಲೆ ಮೇಲೆ ಹೇಳಿದ್ದೆಲ್ಲ.

ಒಂದೇ ಸಲ ನೋಡಿ ತೀರ್ಮಾನ ಬೇಡ. ಐದು ನಿಮಿಷ ಸುಮ್ನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ಕೈಯನ್ನು ಎದೆ ಮಟ್ಟಕ್ಕೆ ಮೇಜಿನ ಮೇಲೆ ಇಟ್ಟು ನೋಡಿಸಿ. ಬೀಡಿ, ಕಾಫಿ ಆದ ಅರ್ಧ ಗಂಟೆಯೊಳಗೆ ಬೇಡ. ಎರಡೂ ಕೈಯಲ್ಲಿ ನೋಡಿಸಿ, ಬರೆದಿಟ್ಟು ಡಾಕ್ಟರಿಗೆ ತೋರಿಸಿ.

ಬಾಗೇಪಲ್ಲಿ ಬೋರ್‌ವೆಲ್

ಬೀಡಿ ಸೇದದೆ ಅರ್ಧ ಗಂಟೆ ಕೂರಿಸೋದೇ ದೊಡ್ಡ ಕೆಲಸ ಅಕ್ಕ. ಭಾನುವಾರ ಬೆಳಗ್ಗೆ ಏಳುತ್ತಲೇ ಹಿಡಿಯುತ್ತೇನೆ.